ನಾಣ್ಯದ ಮುಖದ ಬೆಳಕು

ನಾಣ್ಯವು ಮೂಲತಃ ವ್ಯವಹಾರದ ಸಾಧನ. ಕೈಯಿಂದ ಕೈಗೆ ಸಾಗುತ್ತ, ಸಾಗುತ್ತಲೇ ಸವೆಯುವುದು ಅದರ ಧರ್ಮ. ನಾಣ್ಯದ ಬೆಲೆಯು ಅದರಲ್ಲಿದ್ದ ಚಿನ್ನ ಬೆಳ್ಳಿಗಳ ಬೆಲೆಯೇ ಆಗಿದ್ದ ಕಾಲದಲ್ಲಿ ಅದನ್ನು ಪರೀಕ್ಷಿಸುವ ಚಿನಿವಾರನು ತಕ್ಕಡಿಯನ್ನೂ ಒರೆಗಲ್ಲನ್ನೂ ನಂಬಿದ್ದನು. ತೂಕ ಸರಿಯಾಗಿದೆಯೇ, ಲೋಹ ಅಪ್ಪಟವೇ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತೊಡನೆ ಅವನ ಕೆಲಸ ಮುಗಿಯುತ್ತಿತ್ತು. ಆದರೆ ಇಂದು ನಾಣ್ಯಸಂಗ್ರಾಹಕರ ಲೋಕದಲ್ಲಿ ಬೇರೊಂದು ಬಗೆಯ ಪರೀಕ್ಷೆಯೂ ನಡೆಯುತ್ತದೆ. ಅಲ್ಲಿ ತಕ್ಕಡಿಯಾಗಲಿ ಒರೆಗಲ್ಲಾಗಲಿ ಉತ್ತರ ಹೇಳಲಾರದು. ಒಂದು ದೀಪ, ಒಂದು ಭೂತಗನ್ನಡಿ, ಪಳಗಿದ ಎರಡು ಕಣ್ಣುಗಳು - ಇಷ್ಟೇ ಅದರ ಸಲಕರಣೆ. ಪರೀಕ್ಷೆಗೆ ಒಳಗಾಗುವುದು ಲೋಹವಲ್ಲ, ಲೋಹದ ಮೇಲೆ ಬಿದ್ದ ಬೆಳಕು. ಅಮೆರಿಕ ಸಂಯುಕ್ತ ಸಂಸ್ಥಾನದ ಐದು ಸೆಂಟಿನ ನಾಣ್ಯವು ಈ ಪರೀಕ್ಷೆಯ ಸೂಕ್ಷ್ಮವನ್ನು ತಿಳಿಯಲು ಒಳ್ಳೆಯ ಉದಾಹರಣೆಯಾಗಿದೆ.

ಈ ನಾಣ್ಯವನ್ನು ಆ ದೇಶದ ಜನರು 'ನಿಕಲ್' ಎಂದೇ ಕರೆಯುತ್ತಾರೆ. ಹೆಸರು ನಿಕಲ್ ಆದರೂ ಅದರಲ್ಲಿ ನಿಕಲ್ ಲೋಹವಿರುವುದು ಕಾಲುಭಾಗ ಮಾತ್ರ. ಉಳಿದ ಮುಕ್ಕಾಲು ಭಾಗ ತಾಮ್ರ. ಇದರ ತೂಕ 5 ಗ್ರಾಂ, ವ್ಯಾಸ 21.21 ಮಿಲಿಮೀಟರ್. ಈ ಮಿಶ್ರಲೋಹದ ಐದು ಸೆಂಟಿನ ನಾಣ್ಯ ಮೊದಲು ಹೊರಬಂದುದು 1866ರಲ್ಲಿ. ಅನಂತರ ಅದರ ಚಿತ್ರಗಳು ಹಲವು ಬಾರಿ ಬದಲಾದವು. 1938ರಲ್ಲಿ, ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಫೆಲಿಕ್ಸ್ ಶ್ಲಾಗ್ ಎಂಬ ಶಿಲ್ಪಿಯು ಸ್ಪರ್ಧೆಯೊಂದರಲ್ಲಿ ಗೆದ್ದು ಹೊಸ ವಿನ್ಯಾಸವನ್ನು ರೂಪಿಸಿದನು. ಮುಂಬದಿಯಲ್ಲಿ ಆ ದೇಶದ ಮೂರನೆಯ ಅಧ್ಯಕ್ಷನಾದ ಥಾಮಸ್ ಜೆಫರ್ಸನ್ನನ ಮುಖ. ಹಿಂಬದಿಯಲ್ಲಿ ವರ್ಜೀನಿಯಾ ರಾಜ್ಯದಲ್ಲಿ ಅವನು ಕಟ್ಟಿಸಿಕೊಂಡಿದ್ದ ಮಾಂಟಿಚೆಲ್ಲೊ ಎಂಬ ಮನೆ. ಜೆಫರ್ಸನ್ನನ ಮುಖದ ಚಿತ್ರವು ಈಚೆಗೆ ಬೇರೆಯಾಗಿದ್ದರೂ ಸಂಗ್ರಾಹಕರು ಬೆಳಕಿನ ಪರೀಕ್ಷೆಗೆ ಹೆಚ್ಚಾಗಿ ಒಡ್ಡುವುದು ಶ್ಲಾಗನ ವಿನ್ಯಾಸದ ಹಳೆಯ ನಾಣ್ಯಗಳನ್ನೇ.

ಟಂಕಸಾಲೆಯಲ್ಲಿ ಎರಡು ಬಗೆಯ ನಾಣ್ಯಗಳು ತಯಾರಾಗುತ್ತವೆ. ಮೊದಲನೆಯವು ಪೇಟೆಯಲ್ಲಿ ಓಡಾಡುವ ಸಾಮಾನ್ಯ ನಾಣ್ಯಗಳು. ಎರಡನೆಯವು ಸಂಗ್ರಾಹಕರಿಗಾಗಿ ವಿಶೇಷ ಎಚ್ಚರದಿಂದ ಮುದ್ರಿಸಿದ 'ಪ್ರೂಫ್' ನಾಣ್ಯಗಳು. ಪ್ರೂಫ್ ಎಂಬುದು ನಾಣ್ಯವನ್ನು ತಯಾರಿಸಿದ ರೀತಿಗೆ ಸಂದ ಹೆಸರೇ ಹೊರತು ಅದರ ಸ್ಥಿತಿಗೆ ಸಂದ ಹೆಸರಲ್ಲ. ಇವುಗಳಿಗಾಗಿ ಲೋಹದ ಬಿಲ್ಲೆಯನ್ನು ಮೊದಲೇ ಉಜ್ಜಿ ಹೊಳಪಿಸುತ್ತಾರೆ. ಅಚ್ಚನ್ನೂ ಕನ್ನಡಿಯಂತೆ ಮೆರುಗುಗೊಳಿಸುತ್ತಾರೆ. ಅನಂತರ ಒಂದೇ ಬಿಲ್ಲೆಯ ಮೇಲೆ ಅಚ್ಚನ್ನು ಒಂದಕ್ಕಿಂತ ಹೆಚ್ಚು ಬಾರಿ ಒತ್ತುತ್ತಾರೆ. ಹೀಗೆ ಹುಟ್ಟಿದ ನಾಣ್ಯದಲ್ಲಿ ಚಿತ್ರವೂ ಅಕ್ಷರಗಳೂ ಇಲ್ಲದ ಸಮತಲವು - ಅದನ್ನು 'ಬಯಲು' ಎಂದು ಕರೆಯೋಣ - ನೀರು ತುಂಬಿದ ಕೆರೆಯ ಮೇಲ್ಮೈಯಂತೆ ನಿಶ್ಚಲವಾಗಿ ಹೊಳೆಯುತ್ತದೆ. ಕೆಲವು ನಾಣ್ಯಗಳಲ್ಲಿ ಈ ಬಯಲಿನ ಮೇಲೆ ಎದ್ದು ನಿಂತ ಉಬ್ಬುಚಿತ್ರವು ಹೊಳೆಯದೆ, ನುಣ್ಣಗೆ ಸುಣ್ಣ ಬಳಿದ ಗೋಡೆಯಂತೆ ಮೃದುವಾದ ಬಿಳುಪನ್ನು ತಾಳಿರುತ್ತದೆ. ಈ ಬಿಳುಪನ್ನು ಸಂಗ್ರಾಹಕರು ಹಿಮಕ್ಕೆ ಹೋಲಿಸುತ್ತಾರೆ. ನಾವು ಅದನ್ನು 'ಹಿಮಪೊರೆ' ಎನ್ನಬಹುದು. ಕನ್ನಡಿಯಂತಹ ಬಯಲಿಗೂ ಹಿಮಪೊರೆಯ ಚಿತ್ರಕ್ಕೂ ನಡುವೆ ಕಾಣುವ ವೈದೃಶ್ಯಕ್ಕೆ 'ಕ್ಯಾಮಿಯೊ' ಎಂದು ಹೆಸರು.

ಈ ಹೆಸರು ರತ್ನಶಿಲ್ಪದಿಂದ ಬಂದುದು. ಕೆಲವು ಕಲ್ಲುಗಳಲ್ಲಿ ಬಿಳಿಯ ಪದರವೂ ಕಪ್ಪು ಪದರವೂ ಒಂದರ ಮೇಲೊಂದು ಇರುತ್ತವೆ. ಪ್ರಾಚೀನ ಗ್ರೀಕರೂ ರೋಮನರೂ ಬಿಳಿಯ ಪದರದಲ್ಲಿ ಮೂರ್ತಿಯನ್ನು ಕೆತ್ತಿ, ಉಳಿದ ಬಿಳುಪನ್ನು ತೆಗೆದುಹಾಕಿ, ಕಪ್ಪು ಪದರವನ್ನು ಹಿನ್ನೆಲೆಯಾಗಿ ಉಳಿಸುತ್ತಿದ್ದರು. ವಿಯೆನ್ನಾ ನಗರದ ವಸ್ತುಸಂಗ್ರಹಾಲಯದಲ್ಲಿರುವ 'ಗೆಮ್ಮಾ ಆಗುಸ್ಟೆಯಾ' ಎಂಬ ರೋಮನ್ ಕೃತಿಯು ಈ ಕಲೆಗೆ ಪ್ರಸಿದ್ಧವಾದ ನಿದರ್ಶನ. ಕಲ್ಲಿನಲ್ಲಿ ಈ ವೈದೃಶ್ಯವು ಎರಡು ಬಣ್ಣಗಳಿಂದ ಉಂಟಾಗುತ್ತದೆ. ನಾಣ್ಯದಲ್ಲಾದರೋ ಇರುವುದು ಒಂದೇ ಲೋಹ, ಒಂದೇ ಬಣ್ಣ. ಹಾಗಾದರೆ ಕಪ್ಪು ಎಲ್ಲಿಂದ ಬಂತು, ಬಿಳುಪು ಎಲ್ಲಿಂದ ಬಂತು?

ಇದಕ್ಕೆ ಉತ್ತರವನ್ನು ಬೆಳಕಿನ ನಿಯಮಗಳಲ್ಲಿ ಹುಡುಕಬೇಕು. ನಯವಾದ ಮೇಲ್ಮೈಗೆ ಬಿದ್ದ ಕಿರಣವು ತಾನು ಬಂದ ಕೋನಕ್ಕೆ ಸಮನಾದ ಕೋನದಲ್ಲಿ ಒಂದೇ ದಿಕ್ಕಿಗೆ ಹಿಂದಿರುಗುತ್ತದೆ. ಆ ದಿಕ್ಕಿನಲ್ಲಿ ನಮ್ಮ ಕಣ್ಣು ಇಲ್ಲದಿದ್ದರೆ ನಮಗೆ ಆ ಬೆಳಕು ದೊರೆಯುವುದಿಲ್ಲ. ಬಯಲು ಕಪ್ಪಾಗಿ ಕಾಣುತ್ತದೆ. ಒರಟಾದ ಮೇಲ್ಮೈಗೆ ಬಿದ್ದ ಬೆಳಕಾದರೋ ಅಸಂಖ್ಯಾತ ಸಣ್ಣ ಏರಿಳಿತಗಳಿಗೆ ತಗುಲಿ ಎಲ್ಲ ದಿಕ್ಕುಗಳಿಗೂ ಚೆದರುತ್ತದೆ. ನಾವು ಎಲ್ಲಿಂದ ನೋಡಿದರೂ ಅದರಲ್ಲಿ ಒಂದು ಪಾಲು ನಮ್ಮ ಕಣ್ಣನ್ನು ಮುಟ್ಟುತ್ತದೆ. ಆದುದರಿಂದ ಚಿತ್ರವು ಬಿಳುಪಾಗಿ ಕಾಣುತ್ತದೆ. ಒಂದೇ ಲೋಹವು ಕಪ್ಪೂ ಬಿಳುಪೂ ಆಗಿ ತೋರುವುದರ ಗುಟ್ಟು ಇದು. ನಾಣ್ಯವನ್ನು ಸ್ವಲ್ಪ ಓರೆ ಮಾಡಿದೊಡನೆ ಕಪ್ಪು ಬಯಲು ಥಟ್ಟನೆ ಬೆಳಗುವುದೂ, ಅದರ ಮುಂದೆ ಚಿತ್ರವು ಮಂಕಾಗುವುದೂ ಇದೇ ಕಾರಣದಿಂದ. ಹೀಗಿರುವುದರಿಂದ ಒಂದೇ ಕೋನದಿಂದ ನೋಡಿ ವೈದೃಶ್ಯವನ್ನು ಅಳೆಯಹೊರಟವನು ಮೋಸಹೋಗುವುದು ಸಹಜ.

ಒಂದೇ ನಾಣ್ಯದಲ್ಲಿ ನಯವೂ ಒರಟೂ ಒಟ್ಟಿಗೆ ಹೇಗೆ ಮೂಡುತ್ತವೆ ಎಂಬುದನ್ನು ತಿಳಿಯಲು ಅಚ್ಚಿನ ಸ್ವರೂಪವನ್ನು ಅರಿಯಬೇಕು. ನಾಣ್ಯದಲ್ಲಿ ಉಬ್ಬಿರುವುದೆಲ್ಲ ಅಚ್ಚಿನಲ್ಲಿ ತಗ್ಗಾಗಿರುತ್ತದೆ. ನಾಣ್ಯದ ಬಯಲು ಅಚ್ಚಿನಲ್ಲಿ ಎತ್ತರದ ಸಮತಲವಾಗಿರುತ್ತದೆ. 1950ರ ಮತ್ತು 1960ರ ದಶಕಗಳಲ್ಲಿ ಅಮೆರಿಕದ ಟಂಕಸಾಲೆಯವರು ಹೊಸ ಪ್ರೂಫ್ ಅಚ್ಚನ್ನು ನೈಟ್ರಿಕ್ ಆಮ್ಲವನ್ನು ಮದ್ಯಸಾರದಲ್ಲಿ ಬೆರೆಸಿದ ದುರ್ಬಲ ದ್ರಾವಣದಲ್ಲಿ ಅದ್ದುತ್ತಿದ್ದರು. ಆಮ್ಲವು ಉಕ್ಕಿನ ಮೇಲ್ಮೈಯನ್ನೆಲ್ಲ ಸೂಕ್ಷ್ಮವಾಗಿ ಕೊರೆದು ಒರಟಾಗಿಸುತ್ತಿತ್ತು. ಆಮೇಲೆ ಅಚ್ಚಿನ ಎತ್ತರದ ಸಮತಲವನ್ನು ಮಾತ್ರ ಉಜ್ಜಿ ಮೆರುಗು ಕೊಡುತ್ತಿದ್ದರು. ಉಜ್ಜುವ ಸಾಧನವು ತಗ್ಗುಗಳ ಒಳಕ್ಕೆ ಇಳಿಯದಿದ್ದುದರಿಂದ ಅಲ್ಲಿನ ಒರಟುತನ ಹಾಗೆಯೇ ಉಳಿಯುತ್ತಿತ್ತು. ಇಂತಹ ಅಚ್ಚನ್ನು ಬಿಲ್ಲೆಯ ಮೇಲೆ ಒತ್ತಿದಾಗ ಅದರ ಮೆರುಗು ನಾಣ್ಯದ ಬಯಲಿಗೂ ಅದರ ಒರಟು ನಾಣ್ಯದ ಚಿತ್ರಕ್ಕೂ ಇಳಿದುಬರುತ್ತಿತ್ತು.

ಆದರೆ ಅಚ್ಚಿನೊಳಗಿನ ಈ ಒರಟುತನಕ್ಕೆ ಆಯುಷ್ಯ ಬಹಳ ಕಡಮೆ. ಪ್ರತಿಯೊಂದು ಒತ್ತಿಗೂ ಲೋಹವು ಭಾರವಾದ ಒತ್ತಡದಿಂದ ಅಚ್ಚಿನ ತಗ್ಗುಗಳಿಗೆ ಹರಿದು, ಅಲ್ಲಿನ ಸೂಕ್ಷ್ಮ ಏರಿಳಿತಗಳನ್ನು ತಿಕ್ಕಿ ನಯಗೊಳಿಸುತ್ತದೆ. ಹೊಸ ಅಚ್ಚಿನಿಂದ ಹೊರಬಂದ ಮೊದಮೊದಲ ನಾಣ್ಯಗಳಲ್ಲಿ ಹಿಮಪೊರೆ ದಟ್ಟವಾಗಿರುತ್ತದೆ, ಬರಬರುತ್ತ ತೆಳುವಾಗುತ್ತದೆ, ಕೊನೆಗೆ ಚಿತ್ರವೂ ಬಯಲಿನಂತೆಯೇ ಹೊಳೆಯತೊಡಗುತ್ತದೆ. ತಾಮ್ರ ಮತ್ತು ನಿಕಲ್‌ಗಳ ಮಿಶ್ರಲೋಹವು ಅಂದಿನ ಬೆಳ್ಳಿ ನಾಣ್ಯಗಳ ಲೋಹಕ್ಕಿಂತ ಕಠಿಣವಾದುದು. ಕಠಿಣವಾದ ಲೋಹಕ್ಕೆ ಅಚ್ಚು ಬೇಗ ಸವೆಯುತ್ತದೆ. ಆ ಕಾಲದ ಐದು ಸೆಂಟಿನ ನಾಣ್ಯಗಳಲ್ಲಿ ಗಾಢವಾದ ವೈದೃಶ್ಯ ಅಪರೂಪವಾಗಿರುವುದಕ್ಕೆ ಇದೊಂದು ಮುಖ್ಯ ಕಾರಣ.

ಇಲ್ಲಿ ಒಂದು ವಿಚಿತ್ರವಾದ ಸಂಗತಿಯನ್ನು ಗಮನಿಸಬೇಕು. ಟಂಕಸಾಲೆಯವರು ಅಚ್ಚಿನ ಮೊದಲ ನಾಣ್ಯವನ್ನೂ ಕೊನೆಯ ನಾಣ್ಯವನ್ನೂ ಬೇರೆ ಬೇರೆಯಾಗಿ ಇಡಲಿಲ್ಲ. 1950ರಿಂದ 1964ರವರೆಗೆ ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ತಯಾರಾದ ಐದು ನಾಣ್ಯಗಳ ಪ್ರೂಫ್ ಕಟ್ಟು 2 ಡಾಲರ್ 10 ಸೆಂಟಿಗೆ ಮಾರಾಟವಾಗುತ್ತಿತ್ತು. ಅದರೊಳಗಿನ ನಾಣ್ಯಗಳ ಮುಖಬೆಲೆಯ ಮೊತ್ತ 91 ಸೆಂಟು. ಹಿಮಪೊರೆ ದಟ್ಟವಾಗಿದ್ದ ನಾಣ್ಯ ಬಂದವನೂ, ಅದರ ಸುಳಿವೇ ಇಲ್ಲದ ನಾಣ್ಯ ಬಂದವನೂ ಕೊಟ್ಟ ಬೆಲೆ ಒಂದೇ. 1950ರಲ್ಲಿ 51,386 ಕಟ್ಟುಗಳು ತಯಾರಾದರೆ 1964ರಲ್ಲಿ ಅವುಗಳ ಸಂಖ್ಯೆ 39,50,762ಕ್ಕೆ ಏರಿತು. ಈ ರಾಶಿಯಲ್ಲಿ ಕೆಲವೇ ಕೆಲವು ನಾಣ್ಯಗಳು ಅಚ್ಚಿನ ಎಳೆಯ ವಯಸ್ಸಿನ ಬೆಳಕನ್ನು ಹೊತ್ತುಕೊಂಡು ಎಷ್ಟೋ ಮನೆಗಳ ಪೆಟ್ಟಿಗೆಗಳಲ್ಲಿ ಅಡಗಿ ಕುಳಿತವು. ಅವುಗಳನ್ನು ಆರಿಸುವ ಕೆಲಸ ಮುಂದಿನ ಪೀಳಿಗೆಯ ಸಂಗ್ರಾಹಕರ ಪಾಲಿಗೆ ಬಂತು.

ನಾಣ್ಯದ ಮೇಲಿನ ವರ್ಷವನ್ನು ನೋಡದೆ ವೈದೃಶ್ಯವನ್ನು ಮೆಚ್ಚುವುದು ಸರಿಯಲ್ಲ. ಜೆಫರ್ಸನ್ ನಾಣ್ಯದ ಪ್ರೂಫ್‌ಗಳು 1938ರಿಂದ 1942ರವರೆಗೆ ಹೊರಬಂದು, ಯುದ್ಧದ ಕಾರಣದಿಂದ ನಿಂತುಹೋಗಿ, 1950ರಲ್ಲಿ ಮತ್ತೆ ಆರಂಭವಾದವು. ದೇಶದಲ್ಲಿ ಚಿಲ್ಲರೆಯ ಅಭಾವ ತಲೆದೋರಿದುದರಿಂದ 1965, 1966 ಮತ್ತು 1967ರಲ್ಲಿ ಪ್ರೂಫ್ ನಾಣ್ಯಗಳನ್ನು ತಯಾರಿಸಲಿಲ್ಲ. ಅವುಗಳ ಬದಲಿಗೆ 'ಸ್ಪೆಷಲ್ ಮಿಂಟ್ ಸೆಟ್' ಎಂಬ ಕಟ್ಟುಗಳನ್ನು ಹೊರತಂದರು. 1968ರಿಂದ ಪ್ರೂಫ್ ಕೆಲಸವು ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ವರ್ಗವಾಯಿತು. ಆ ನಾಣ್ಯಗಳ ಮೇಲೆ 'ಎಸ್' ಅಕ್ಷರವನ್ನು ಕಾಣಬಹುದು. 1970ರ ದಶಕದಲ್ಲಿ ಅಚ್ಚಿನ ತಗ್ಗುಗಳನ್ನು ಮರಳಿನಂತಹ ಕಣಗಳ ಎರಚಿನಿಂದ ಒರಟಾಗಿಸಿ, ಅದರ ಮೇಲೆ ಕ್ರೋಮಿಯಂ ಲೇಪ ಕೊಡುವ ಪದ್ಧತಿ ಬಂದಿತು. ಅದರಿಂದ ಅಚ್ಚಿನ ಒರಟುತನವು ಬಹುಕಾಲ ಉಳಿಯುವಂತಾಯಿತು. ಆ ದಶಕದ ಕೊನೆಯಿಂದ ಈಚೆಗೆ ಬಂದ ಪ್ರೂಫ್ ನಾಣ್ಯಗಳಲ್ಲಿ ಗಾಢ ವೈದೃಶ್ಯವೇ ಸಾಮಾನ್ಯ, ಅದಿಲ್ಲದಿರುವುದೇ ಅಪರೂಪ. ಹಿಂದೆ ಅದೃಷ್ಟದಿಂದ ದೊರೆಯುತ್ತಿದ್ದುದು ಈಗ ಯಂತ್ರದ ನಿಯಮವಾಗಿದೆ. ಕಣ್ಣಿಗೆ ಒಂದೇ ತೆರನಾಗಿ ಕಾಣುವ ಎರಡು ನಾಣ್ಯಗಳಲ್ಲಿ 1955ರದು ದುರ್ಲಭವೂ 1985ರದು ಸುಲಭವೂ ಆಗಿರುವುದು ಹೀಗೆ.

ಇನ್ನು ಪರೀಕ್ಷೆಯ ಕ್ರಮವನ್ನು ನೋಡೋಣ. ನಾಣ್ಯವನ್ನು ಯಾವಾಗಲೂ ಅಂಚಿನಲ್ಲಿ ಹಿಡಿಯಬೇಕು. ಬೆರಳು ಬಯಲಿಗೆ ತಾಗಿದರೆ ಅದರ ಗುರುತು ಕಾಲಕ್ರಮದಲ್ಲಿ ಕಲೆಯಾಗಿ ನಿಲ್ಲುತ್ತದೆ. ಕೆಳಗೆ ಮೆತ್ತನೆಯ ಬಟ್ಟೆಯನ್ನು ಹಾಸಿರಬೇಕು. ಕೋಣೆಯ ಇತರ ದೀಪಗಳನ್ನು ತಗ್ಗಿಸಿ, ಒಂದೇ ಕಡೆಯಿಂದ ಬೆಳಕು ಬೀಳುವಂತೆ ಒಂದು ದೀಪವನ್ನಿಡಬೇಕು. ಎಲ್ಲ ಕಡೆಗಳಿಂದಲೂ ಬೆಳಕು ಹರಡಿದ್ದರೆ ಕನ್ನಡಿಯಂತಹ ಬಯಲು ಯಾವುದಾದರೊಂದು ಬೆಳಕನ್ನು ಕಣ್ಣಿಗೆ ತಿರುಗಿಸಿಯೇ ತೀರುತ್ತದೆ. ಆಗ ವೈದೃಶ್ಯದ ನಿಜವಾದ ಪ್ರಮಾಣ ತಿಳಿಯುವುದಿಲ್ಲ. ಮೊದಲು ಭೂತಗನ್ನಡಿಯಿಲ್ಲದೆ, ಬರಿಗಣ್ಣಿನಿಂದ ನಾಣ್ಯವನ್ನು ಮೆಲ್ಲಗೆ ಓರೆಮಾಡುತ್ತ, ಸುತ್ತಲೂ ತಿರುಗಿಸುತ್ತ ನೋಡಬೇಕು. ಯಾವ ಕೋನದಲ್ಲಿ ಚಿತ್ರವು ಅತ್ಯಂತ ಬೆಳ್ಳಗೆ ಕಂಡಿತು ಎಂಬುದಕ್ಕಿಂತ, ಎಷ್ಟು ಕೋನಗಳಲ್ಲಿ ಅದು ಬೆಳ್ಳಗೆ ಉಳಿಯಿತು ಎಂಬುದು ಮುಖ್ಯ. ಒಂದೇ ಕೋನದಲ್ಲಿ ಮಿಂಚಿ ಮಾಯವಾಗುವ ಬಿಳುಪು ತೆಳುವಾದ ಹಿಮಪೊರೆಯ ಲಕ್ಷಣ.

ಬರಿಗಣ್ಣಿನ ನೋಟ ಮುಗಿದ ಬಳಿಕ ಐದರಿಂದ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯನ್ನು ಕೈಗೆತ್ತಿಕೊಳ್ಳಬೇಕು. ಮುಂಬದಿಯಲ್ಲಿ ಜೆಫರ್ಸನ್ನನ ಕೆನ್ನೆ, ದವಡೆ, ಕೂದಲು, ಉಡುಪಿನ ಮಡಿಕೆ. ಹಿಂಬದಿಯಲ್ಲಿ ಮಾಂಟಿಚೆಲ್ಲೊ ಮನೆಯ ಗುಮ್ಮಟ, ಕಂಬಗಳು, ಎರಡು ಪಾರ್ಶ್ವದ ಗೋಡೆಗಳು - ಇವುಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಅಕ್ಷರಗಳನ್ನೂ ಅಂಕಿಗಳನ್ನೂ ಮರೆಯಬಾರದು. ಹಿಮಪೊರೆ ಎಲ್ಲೆಡೆಯೂ ಒಂದೇ ಸಮನಾಗಿ ಹರಡಿದೆಯೇ, ನಡುವೆ ಎಲ್ಲಾದರೂ ಹರಿದು ಹೊಳೆಯುವ ತೇಪೆ ಕಾಣುತ್ತದೆಯೇ ಎಂದು ನೋಡಬೇಕು. ಅಗಲವಾದ ಕೆನ್ನೆಯ ಮೇಲಿನ ಒಂದು ಹೊಳೆಯುವ ತೇಪೆಯು ಕೂದಲಿನ ಸಂದಿಯ ತೇಪೆಗಿಂತ ಬೇಗ ಕಣ್ಣಿಗೆ ಬೀಳುತ್ತದೆ. ಚಿತ್ರವಾದ ಮೇಲೆ ಬಯಲಿನ ಸರದಿ. ಅಚ್ಚಾದ ಕಾಗದವೊಂದನ್ನು ನಾಣ್ಯದ ಬಳಿ ಹಿಡಿದು, ಅದರ ಅಕ್ಷರಗಳು ಬಯಲಿನಲ್ಲಿ ಸ್ಪಷ್ಟವಾಗಿ ಪ್ರತಿಬಿಂಬಿಸುತ್ತವೆಯೇ ಎಂದು ಪರೀಕ್ಷಿಸಬಹುದು. ಚಿತ್ರದ ಬಿಳುಪೊಂದೇ ಸಾಲದು, ಬಯಲಿನ ಆಳವೂ ಬೇಕು. ವೈದೃಶ್ಯವು ಇಬ್ಬರು ಕೂಡಿ ಎಳೆಯುವ ಬಂಡಿಯಂತೆ. ಒಬ್ಬರು ಕೈಬಿಟ್ಟರೂ ಅದು ಮುಂದೆ ಸಾಗದು.

ಹೀಗೆ ಪರೀಕ್ಷಿಸಿದ ಪ್ರೂಫ್ ನಾಣ್ಯಗಳನ್ನು ಮೂರು ವರ್ಗಗಳಾಗಿ ವಿಂಗಡಿಸುತ್ತಾರೆ. ಚಿತ್ರವೂ ಬಯಲೂ ಒಂದೇ ತೆರನಾಗಿ ಹೊಳೆಯುವವು, ಇಲ್ಲವೇ ಹಿಮಪೊರೆ ಅರೆಬರೆಯಾಗಿರುವವು, ಮೊದಲ ವರ್ಗ, ಇವುಗಳಿಗೆ ವಿಶೇಷಣವಿಲ್ಲ. ಎರಡು ಬದಿಗಳಲ್ಲಿಯೂ ವೈದೃಶ್ಯವು ನಿಸ್ಸಂದೇಹವಾಗಿ ಕಾಣುವವು 'ಕ್ಯಾಮಿಯೊ'. ಎರಡು ಬದಿಗಳಲ್ಲಿಯೂ ಹಿಮಪೊರೆ ದಟ್ಟವಾಗಿದ್ದು, ಬಯಲು ಆಳವಾದ ಕನ್ನಡಿಯಾಗಿರುವವು ಮೂರನೆಯ ವರ್ಗ. 1986ರಲ್ಲಿ ಕೆಲಸ ಆರಂಭಿಸಿದ ಪ್ರೊಫೆಷನಲ್ ಕಾಯಿನ್ ಗ್ರೇಡಿಂಗ್ ಸರ್ವಿಸ್ ಎಂಬ ಸಂಸ್ಥೆಯು ಇದನ್ನು 'ಡೀಪ್ ಕ್ಯಾಮಿಯೊ' ಎಂದು ಕರೆದರೆ, 1987ರಲ್ಲಿ ಸ್ಥಾಪಿತವಾದ ಎನ್.ಜಿ.ಸಿ. ಎಂಬ ಸಂಸ್ಥೆಯು 'ಅಲ್ಟ್ರಾ ಕ್ಯಾಮಿಯೊ' ಎಂದು ಕರೆಯುತ್ತದೆ. ಈ ಸಂಸ್ಥೆಗಳು ಶುಲ್ಕ ಪಡೆದು ನಾಣ್ಯವನ್ನು ಪರೀಕ್ಷಿಸಿ, ಅದರ ದರ್ಜೆಯನ್ನು ನಿರ್ಧರಿಸಿ, ಪಾರದರ್ಶಕವಾದ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಕೊಡುತ್ತವೆ.

ದರ್ಜೆಯ ಅಂಕಕ್ಕೂ ವೈದೃಶ್ಯದ ವಿಶೇಷಣಕ್ಕೂ ಇರುವ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಸ್ಪಷ್ಟವಾಗಿ ತಿಳಿದುಕೊಳ್ಳಬೇಕು. ಅಂಕವು 1ರಿಂದ 70ರವರೆಗಿನ ಒಂದು ಶ್ರೇಣಿ. ಇದನ್ನು 1949ರಲ್ಲಿ ವಿಲಿಯಂ ಶೆಲ್ಡನ್ ಎಂಬವನು ಅಮೆರಿಕದ ಹಳೆಯ ದೊಡ್ಡ ಸೆಂಟ್ ನಾಣ್ಯಗಳಿಗಾಗಿ ರೂಪಿಸಿದನು. ಅನಂತರ ಅದು ಎಲ್ಲ ನಾಣ್ಯಗಳಿಗೂ ಅನ್ವಯವಾಯಿತು. ಗೀರು, ಕಲೆ, ಸವೆತಗಳು ಎಷ್ಟಿವೆ, ಸಂರಕ್ಷಣೆ ಹೇಗಿದೆ ಎಂಬುದನ್ನು ಅಂಕವು ಮುಖ್ಯವಾಗಿ ತಿಳಿಸುತ್ತದೆ. ವಿಶೇಷಣವು ವೈದೃಶ್ಯವನ್ನು ಮಾತ್ರ ಹೇಳುತ್ತದೆ. ಒಂದು ಗೀರೂ ಇಲ್ಲದೆ 68 ಅಂಕ ಪಡೆದ ನಾಣ್ಯಕ್ಕೆ ವಿಶೇಷಣ ದೊರೆಯದಿರಬಹುದು. ಕೆಲವು ಗೀರುಗಳಿಂದಾಗಿ 64ಕ್ಕೆ ಇಳಿದ ನಾಣ್ಯಕ್ಕೆ 'ಡೀಪ್ ಕ್ಯಾಮಿಯೊ' ಎಂಬ ವಿಶೇಷಣ ದೊರೆಯಬಹುದು. ನಾಣ್ಯವು ಹುಟ್ಟಿನಿಂದ ಪಡೆದುಬಂದುದು ವೈದೃಶ್ಯ. ಬದುಕಿನಲ್ಲಿ ಉಳಿಸಿಕೊಂಡುದು ಅಂಕ.

ಈ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ನಿಯಮವೊಂದಿದೆ. ಎರಡು ಬದಿಗಳ ಸರಾಸರಿಯನ್ನು ತೆಗೆಯುವಂತಿಲ್ಲ. ದುರ್ಬಲವಾದ ಬದಿಯೇ ನಿರ್ಣಾಯಕ. ಉದಾಹರಣೆಗೆ, ಒಬ್ಬ ಸಂಗ್ರಾಹಕನ ಬಳಿ 1956ರ ಎರಡು ಪ್ರೂಫ್ ನಿಕಲ್‌ಗಳಿವೆ ಎಂದು ಭಾವಿಸೋಣ. ಮೊದಲನೆಯದರ ಮುಂಬದಿಯಲ್ಲಿ ಜೆಫರ್ಸನ್ನನ ಮುಖವು ಕಪ್ಪು ಬಯಲಿನ ಮೇಲೆ ಬೆಳ್ಳಗೆ ತೇಲುತ್ತಿದೆ. ಆದರೆ ಹಿಂಬದಿಯ ಮನೆಯ ಗೋಡೆಗಳು ಅರ್ಧಕ್ಕರ್ಧ ಹೊಳೆಯುತ್ತಿವೆ. ಎರಡನೆಯದರಲ್ಲಿ ಯಾವ ಬದಿಯೂ ಕಣ್ಣು ಕೋರೈಸುವುದಿಲ್ಲ. ಆದರೆ ಎರಡರಲ್ಲಿಯೂ ತೆಳುವಾದ ಹಿಮಪೊರೆಯು ಹರಿಯದೆ, ಸಮನಾಗಿ ನಿಂತಿದೆ. ಒಡೆಯನ ಮನಸ್ಸು ಮೊದಲನೆಯದರ ಕಡೆಗೆ ಹರಿಯುವುದು ಸ್ವಾಭಾವಿಕ. ಪರೀಕ್ಷಕನಾದರೋ ಮೊದಲನೆಯದನ್ನು ವಿಶೇಷಣವಿಲ್ಲದೆ ಹಿಂದಿರುಗಿಸಿ, ಎರಡನೆಯದಕ್ಕೆ 'ಕ್ಯಾಮಿಯೊ' ಎಂದು ಬರೆಯುತ್ತಾನೆ. ಮುಂಬದಿಯ ಅಚ್ಚು ಬೇರೆ, ಹಿಂಬದಿಯ ಅಚ್ಚು ಬೇರೆ. ಎರಡರ ವಯಸ್ಸೂ ಒಂದೇ ಆಗಿರಬೇಕಾಗಿಲ್ಲ. ಹೊಸ ಅಚ್ಚೊಂದು ಹಳೆಯ ಅಚ್ಚಿನೊಡನೆ ಜೊತೆಯಾದಾಗ ಇಂತಹ ಒಂದು ಬದಿಯ ಸೊಬಗಿನ ನಾಣ್ಯಗಳು ಹುಟ್ಟುತ್ತವೆ. ಎನ್.ಜಿ.ಸಿ. ಸಂಸ್ಥೆಯು ಇಂತಹವುಗಳಿಗೆ ನಕ್ಷತ್ರದ ಗುರುತನ್ನು ಕೊಡುವುದುಂಟು. ಆದರೂ ಅವು ಕ್ಯಾಮಿಯೊ ಎನಿಸಿಕೊಳ್ಳುವುದಿಲ್ಲ.

ಕಣ್ಣನ್ನು ಮರುಳುಗೊಳಿಸುವ ಇತರ ಸಂಗತಿಗಳೂ ಇವೆ. ಹಲವು ವರ್ಷ ಕಟ್ಟಿನೊಳಗೇ ಉಳಿದ ನಾಣ್ಯದ ಬಯಲಿನ ಮೇಲೆ ನೀಲಿ ಬೂದು ಬಣ್ಣದ ಮಬ್ಬು ಕವಿಯುವುದುಂಟು. ಬಯಲು ಮಬ್ಬಾದರೆ ಅದು ಕಪ್ಪಾಗಿ ಕಾಣದು. ಇದ್ದ ವೈದೃಶ್ಯವೂ ಮರೆಯಾಗುತ್ತದೆ. ಇದನ್ನು ಕಂಡು ಬಟ್ಟೆಯಿಂದ ಉಜ್ಜಹೊರಟರೆ ಬಯಲಿನ ಮೇಲೆ ಕೂದಲೆಳೆಯಂತಹ ನೂರಾರು ಗೀರುಗಳು ಬಿದ್ದು ನಾಣ್ಯವು ಶಾಶ್ವತವಾಗಿ ಕೆಡುತ್ತದೆ. ಮಬ್ಬನ್ನು ತೆಗೆಯುವ ಕೆಲಸ ಬಲ್ಲವರದೇ ಹೊರತು ಆತುರದವರದಲ್ಲ. ಛಾಯಾಚಿತ್ರವನ್ನು ನಂಬುವುದೂ ಅಪಾಯಕರ. ದೀಪವನ್ನು ಅನುಕೂಲವಾದ ಕೋನದಲ್ಲಿಟ್ಟು ತೆಗೆದ ಚಿತ್ರದಲ್ಲಿ ಸಾಧಾರಣವಾದ ನಾಣ್ಯವೂ ಗಾಢ ವೈದೃಶ್ಯವುಳ್ಳದ್ದಾಗಿ ಕಾಣಬಹುದು. ನಾಣ್ಯವನ್ನು ತಿರುಗಿಸಿ ನೋಡುವ ಅವಕಾಶ ಚಿತ್ರದಲ್ಲಿಲ್ಲ. ಇವೆಲ್ಲಕ್ಕಿಂತ ಕೆಟ್ಟದ್ದು ಕೃತಕವಾದ ಹಿಮಪೊರೆ. ಟಂಕಸಾಲೆಯಿಂದ ಹೊರಬಂದ ಮೇಲೆ ಚಿತ್ರದ ಭಾಗವನ್ನು ಮಾತ್ರ ಒರಟಾಗಿಸಿ ಬೆಲೆ ಹೆಚ್ಚಿಸಲು ಯತ್ನಿಸುವವರೂ ಇದ್ದಾರೆ. ನಿಜವಾದ ಹಿಮಪೊರೆಯು ಅಚ್ಚಿನಿಂದಲೇ ಮೂಡಿದುದಾದ್ದರಿಂದ ಚಿತ್ರದ ಅಂಚಿನಲ್ಲಿ ಬಯಲಿನಿಂದ ಖಚಿತವಾಗಿ ಬೇರೆಯಾಗಿರುತ್ತದೆ. ಅದು ಅಂಚನ್ನು ದಾಟಿ ಬಯಲಿಗೆ ಚೆಲ್ಲಿದ್ದರೆ, ಅಥವಾ ಅಂಚನ್ನು ಮುಟ್ಟದೆ ಹಿಂದೆಯೇ ನಿಂತಿದ್ದರೆ ಸಂಶಯಪಡಲು ಕಾರಣವುಂಟು.

ಇಷ್ಟೆಲ್ಲ ಎಚ್ಚರ ಏಕೆ ಎಂದು ಕೇಳಬಹುದು. ಐದು ಸೆಂಟಿನ ನಾಣ್ಯವೆಂದರೆ ಡಾಲರಿನ ಇಪ್ಪತ್ತನೆಯ ಒಂದು ಭಾಗ. ಆದರೆ 1950ರ ದಶಕದ ನಾಣ್ಯಕ್ಕೆ ಗಾಢ ವೈದೃಶ್ಯದ ವಿಶೇಷಣ ದೊರೆತರೆ ಅದರ ಬೆಲೆಯು ವಿಶೇಷಣವಿಲ್ಲದ ನಾಣ್ಯದ ಬೆಲೆಗಿಂತ ಅನೇಕ ಪಟ್ಟು ಹೆಚ್ಚುತ್ತದೆ. ಬೆಲೆಯ ಏಣಿಯು ಹೀಗೆ ಕಡಿದಾಗಿರುವಾಗ ಮೆಟ್ಟಿಲುಗಳ ನಡುವಿನ ಗೆರೆಯಾದರೋ ತೆಳುವಾಗಿದೆ. ಹಿಮಪೊರೆಯು ಒಂದೊಂದು ಒತ್ತಿಗೂ ಸ್ವಲ್ಪ ಸ್ವಲ್ಪವೇ ಕ್ಷೀಣಿಸುವ ವಸ್ತು. ಪ್ರಕೃತಿಯು ಅದರಲ್ಲಿ ಎಲ್ಲಿಯೂ ಗೆರೆ ಎಳೆದಿಲ್ಲ. ಗೆರೆ ಎಳೆಯುವವನು ಮನುಷ್ಯ. ಗೆರೆಯ ಹತ್ತಿರ ನಿಂತ ನಾಣ್ಯದ ವಿಷಯದಲ್ಲಿ ಪ್ರಾಮಾಣಿಕರಾದ ಇಬ್ಬರು ತಜ್ಞರ ಅಭಿಪ್ರಾಯಗಳೂ ಭಿನ್ನವಾಗಬಹುದು. ಒಮ್ಮೆ ವಿಶೇಷಣ ದೊರೆಯದ ನಾಣ್ಯವನ್ನು ಕವಚದಿಂದ ಬಿಡಿಸಿ ಮತ್ತೆ ಮತ್ತೆ ಪರೀಕ್ಷೆಗೆ ಕಳುಹಿಸುವವರೂ ಉಂಟು. ಆದುದರಿಂದಲೇ ಈ ಸಂಸ್ಥೆಗಳು ಒಬ್ಬನ ಮಾತಿನ ಮೇಲೆ ನಿಲ್ಲದೆ ಒಬ್ಬರಿಗಿಂತ ಹೆಚ್ಚು ಪರೀಕ್ಷಕರಿಂದ ನಾಣ್ಯವನ್ನು ನೋಡಿಸುತ್ತವೆ. ನಾಣ್ಯದ ಒಡೆಯನು ಯಾರೆಂಬುದು ಪರೀಕ್ಷಕರಿಗೆ ತಿಳಿಯದಂತೆ ಏರ್ಪಾಡು ಮಾಡುತ್ತವೆ.

ಈ ಏರ್ಪಾಡಿನಲ್ಲಿ ಒಂದು ಸತ್ಯವು ಅಡಗಿದೆ. ಒಡೆಯನ ಕಣ್ಣಿಗೂ ಪರೀಕ್ಷಕನ ಕಣ್ಣಿಗೂ ದೃಷ್ಟಿಯ ಶಕ್ತಿಯಲ್ಲಿ ಭೇದವಿರಬೇಕಾಗಿಲ್ಲ, ಭೇದವಿರುವುದು ಅಪೇಕ್ಷೆಯಲ್ಲಿ. ಒಡೆಯನು ನಾಣ್ಯವನ್ನು ಚೆನ್ನಾಗಿ ಕಾಣುವ ಕೋನಕ್ಕೆ ತಿರುಗಿಸಿ, ಅಲ್ಲಿಯೇ ನಿಲ್ಲಿಸುತ್ತಾನೆ. ಪರೀಕ್ಷಕನು ಅದು ಸೋಲುವ ಕೋನವನ್ನು ಹುಡುಕುತ್ತಾನೆ. ಒಡೆಯನು ಉತ್ತಮವಾದ ಬದಿಯನ್ನು ಮೇಲೆ ಮಾಡಿ ಇಡುತ್ತಾನೆ. ಪರೀಕ್ಷಕನು ಅದನ್ನು ಮಗುಚಿ ನೋಡುತ್ತಾನೆ. ಸಂಗ್ರಾಹಕನಾದವನು ತನ್ನ ನಾಣ್ಯವನ್ನು ಹೊರಗೆ ಕಳುಹಿಸುವ ಮೊದಲು ತಾನೇ ಪರೀಕ್ಷಕನಾಗಿ ಕುಳಿತುಕೊಳ್ಳಬೇಕು. ಇದು ನನ್ನದೆಂಬ ಭಾವವನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ನಿಸ್ಸಂದೇಹವಾದ ಕ್ಯಾಮಿಯೊ ನಾಣ್ಯವೊಂದನ್ನು ಪಕ್ಕದಲ್ಲಿರಿಸಿಕೊಂಡು, ಒಂದೇ ದೀಪದಡಿಯಲ್ಲಿ ಎರಡನ್ನೂ ಹೋಲಿಸಬೇಕು. ಈ ಅಭ್ಯಾಸವುಳ್ಳವನಿಗೆ ಶುಲ್ಕ ಉಳಿಯುತ್ತದೆ, ನಿರಾಶೆಯೂ ತಪ್ಪುತ್ತದೆ. ಇವೆರಡಕ್ಕಿಂತ ಮಿಗಿಲಾಗಿ, ಮತ್ತೊಬ್ಬನಿಗೆ ಆ ನಾಣ್ಯವನ್ನು ಮಾರುವಾಗ ಇಲ್ಲದ ಗುಣವನ್ನು ಹೇಳುವ ಪ್ರಸಂಗ ಅವನಿಗೆ ಬರುವುದಿಲ್ಲ.

ಒರೆಗಲ್ಲು ಸುಳ್ಳು ಹೇಳದು. ಏಕೆಂದರೆ ಅದಕ್ಕೆ ಆಸೆಯಿಲ್ಲ. ಕಣ್ಣು ಒರೆಗಲ್ಲಿನ ಕೆಲಸ ಮಾಡಬೇಕಾದಲ್ಲಿ ಆ ನಿರಾಸಕ್ತಿಯನ್ನು ಕಣ್ಣಿಗೂ ಕಲಿಸಬೇಕಾಗುತ್ತದೆ. ದೀಪವನ್ನು ಒಂದೆಡೆ ಸ್ಥಿರವಾಗಿಟ್ಟು, ನಾಣ್ಯವನ್ನು ಪೂರ್ತಿಯಾಗಿ ತಿರುಗಿಸಿ, ಎರಡು ಬದಿಗಳನ್ನೂ ಸಮವಾಗಿ ನೋಡಿ, ದುರ್ಬಲವಾದುದರ ಮಾತನ್ನು ಒಪ್ಪಿಕೊಳ್ಳುವುದೇ ಈ ವಿದ್ಯೆಯ ಸಾರ.

ಅಭ್ಯಾಸ

1. ಒಂದೇ ಲೋಹದ ನಾಣ್ಯದಲ್ಲಿ ಬಯಲು ಕಪ್ಪಾಗಿಯೂ ಚಿತ್ರವು ಬಿಳುಪಾಗಿಯೂ ಕಾಣುವುದಕ್ಕೆ ಕಾರಣವೇನು? ಬೆಳಕಿನ ನಿಯಮದ ಸಹಾಯದಿಂದ ವಿವರಿಸಿರಿ.

2. 1950ರ ದಶಕದ ನಿಕಲ್ ನಾಣ್ಯಗಳಲ್ಲಿ ಗಾಢ ವೈದೃಶ್ಯವು ಅಪರೂಪವಾಗಿರುವುದೇಕೆ? 1970ರ ದಶಕದಲ್ಲಿ ಆದ ಬದಲಾವಣೆಯೇನು?

3. ದರ್ಜೆಯ ಅಂಕಕ್ಕೂ ವೈದೃಶ್ಯದ ವಿಶೇಷಣಕ್ಕೂ ಇರುವ ವ್ಯತ್ಯಾಸವನ್ನು ಉದಾಹರಣೆಯೊಡನೆ ತಿಳಿಸಿರಿ.

4. "ಎರಡು ಬದಿಗಳ ಸರಾಸರಿಯನ್ನು ತೆಗೆಯುವಂತಿಲ್ಲ, ದುರ್ಬಲವಾದ ಬದಿಯೇ ನಿರ್ಣಾಯಕ." ಈ ಮಾತನ್ನು ಪಾಠದ ಆಧಾರದಿಂದ ಸಮರ್ಥಿಸಿರಿ.

5. ಒಡೆಯನ ನೋಟಕ್ಕೂ ಪರೀಕ್ಷಕನ ನೋಟಕ್ಕೂ ಇರುವ ಅಂತರವೇನು? ಈ ಅಂತರವು ಕಂಡುಬರುವ ಬೇರೊಂದು ಸಂದರ್ಭವನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ.